ಗೋಲ್ಡ್ ಎಸ್‌ಎಂಪಿಎಸ್ ಹಾಕಿದರೂ ಹೋಮ್ ಸರ್ವರ್ ಸುಮ್ನೆ ಕೂತು 66 ವ್ಯಾಟ್ ತಿನ್ನುತ್ತಿದೆ, ಏನು ಮಾಡಲಿ?

ಬಳ್ಳಾರಿ_ಬಾಕ್ಸ್
ತಲೆ ಕೆಟ್ಟು ಹೋಗಿದೆ. ಐ5-8400 ಪ್ರೊಸೆಸರ್, ನಾಲ್ಕು ಹಾರ್ಡ್ ಡಿಸ್ಕ್, ಉಬುಂಟು. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಳೇ ಲೋಕಲ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ತೆಗೆದು 650 ವ್ಯಾಟಿನ 80 ಪ್ಲಸ್ ಗೋಲ್ಡ್ (ಕರೆಂಟ್ ಕಡಿಮೆ ಪೋಲು ಮಾಡುವ ದರ್ಜೆ) ಹಾಕಿದೆ. 71 ವ್ಯಾಟ್ ಇದ್ದದ್ದು 66 ಆಯಿತು. ಅಷ್ಟೇ! ಇಷ್ಟಕ್ಕೆ ಅಷ್ಟು ದುಡ್ಡು ಸುರಿದೆನಾ? ಬೇಸಿಗೆಯಲ್ಲಿ ಕೂಲರ್ ಶುರುವಾದರೆ ಮನೆ ಬಿಲ್ 200 ಯೂನಿಟ್ ದಾಟುತ್ತೆ, ಗೃಹಜ್ಯೋತಿ ಹೋಗಿ ಪೂರ್ತಿ ಬಿಲ್ ಬರುತ್ತೆ. ಮನೆಯವರ ಕಣ್ಣು ಸರ್ವರ್ ಮೇಲೇ ಇದೆ. ಗೋಲ್ಡ್ ಬಿಟ್ಟು ಅದರ ಮೇಲಿನ ಪ್ಲಾಟಿನಂ ತಗೊಳ್ಳಲಾ?

ಗಂಗಾವತಿ_ಗೇಟ್‌ವೇ
650 ವ್ಯಾಟ್ ಯಾಕೆ ರೀ? ಪಿಕೊ ಪಿಎಸ್‌ಯು (ಪುಟ್ಟ ಪವರ್ ಸಪ್ಲೈ ಬೋರ್ಡ್) ಹಾಕಿ, 12 ವೋಲ್ಟ್ ಅಡಾಪ್ಟರ್ ಕೊಡಿ. ಮುಗೀತು.

ರಾಯಚೂರು_ರೂಟ್
ಪ್ಲಾಟಿನಂ ಬೇಡ. ಗೋಲ್ಡ್ ಸ್ಟಿಕರ್ ಕೊಡುವ ಮುಂಚೆ ಟೆಸ್ಟ್ ಮಾಡುವುದು 20, 50, 100 ಶೇಕಡಾ ಲೋಡಿನಲ್ಲಿ. 650ರಲ್ಲಿ 20 ಶೇಕಡಾ ಅಂದರೆ 130 ವ್ಯಾಟ್. ಎಸ್‌ಎಂಪಿಎಸ್ ತಾನೇ ತಿನ್ನುವುದನ್ನು ಕಳೆದರೆ ನಿಮ್ಮ ಸರ್ವರ್ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಅಷ್ಟು ಕೆಳಗೆ ಒಂದೇ ದರ್ಜೆಯ ಎರಡು ಮಾಡೆಲ್ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಟೈಟೇನಿಯಂ ದರ್ಜೆಗೆ 10 ಶೇಕಡಾದಲ್ಲೂ ಟೆಸ್ಟ್ ಇದೆ, ಆದರೆ ಅದರ ರೇಟ್ ಕೇಳಿದರೆ ಬಿಲ್ಲೇ ವಾಸಿ ಅನ್ನಿಸುತ್ತೆ.

ಅದಿರಲಿ, 66 ಅಂತ ಯಾವುದರಲ್ಲಿ ನೋಡಿದಿರಿ? ಮದರ್‌ಬೋರ್ಡಿನ ಪಿಸಿಐ ಸ್ಲಾಟಿನಲ್ಲಿ ಏನೇನು ಕಾರ್ಡ್ ಇದೆ?

ಗಂಗಾವತಿ_ಗೇಟ್‌ವೇ
ಸ್ಲಾಟಿನಲ್ಲಿ ಏನಿದ್ದರೇನು, ಪಿಕೊ ಹಾಕಿದರೆ ಇಳಿಯುತ್ತೆ. ನನ್ನದು ಕ್ಲಾಂಪ್ ಮೀಟರಿನಲ್ಲಿ 0.1 ಆಂಪ್. 230ರಿಂದ ಗುಣಿಸಿ, 23 ವ್ಯಾಟ್.

ಸಿಂಧನೂರು_ವೈರ್‌ಮ್ಯಾನ್
ಅಣ್ಣ, ಅದು ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. ಸಣ್ಣ ಅಡಾಪ್ಟರಿನ ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾದ ವ್ಯಾಟಿನ ಪಾಲು) ಅರ್ಧದ ಹತ್ತಿರ ಇರುತ್ತೆ. ನಿಮ್ಮದು ನಿಜಕ್ಕೂ 12-13 ಇರಬಹುದು.

ಗಂಗಾವತಿ_ಗೇಟ್‌ವೇ
ಹಾಗಾದರೆ ಇನ್ನೂ ಒಳ್ಳೆಯದೇ ಆಯಿತಲ್ಲ! ಪಿಕೊ ಹಾಕಿ ಅಂದಿದ್ದು ಅದಕ್ಕೇ.

ರಾಯಚೂರು_ರೂಟ್
ನಿಮ್ಮಲ್ಲಿ ಡಿಸ್ಕ್ ಎಷ್ಟು? ಒಂದು ತಿರುಗದ ಎಸ್‌ಎಸ್‌ಡಿ, ಅಲ್ವಾ? 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಹೆಚ್ಚೂಕಡಿಮೆ 2 ಆಂಪ್ ಎಳೆಯುತ್ತೆ. ನಾಲ್ಕು ಒಟ್ಟಿಗೆ ಎದ್ದರೆ ಡಿಸ್ಕಿಗೇ ನೂರು ವ್ಯಾಟಿನ ಹತ್ತಿರ. 120 ವ್ಯಾಟಿನ ಪಿಕೊ, ಅದಕ್ಕೊಂದು ಅಗ್ಗದ ಅಡಾಪ್ಟರ್, ಮೇಲೆ ಬಳ್ಳಾರಿಯ ಏಪ್ರಿಲ್ ಬಿಸಿಲು. ಪ್ರತಿ ಸಲ ಕರೆಂಟ್ ಬಂದಾಗ ಜೀವ ಕೈಯಲ್ಲಿ ಹಿಡಿದು ಕೂರಬೇಕು.

ತುಂಗಭದ್ರ_ನಾಸ್
ಇಷ್ಟೆಲ್ಲ ಯಾಕೆ? ನಾನು ಎನ್100 ಪ್ರೊಸೆಸರಿನ ಮಿನಿ ಪಿಸಿ ಇಟ್ಟಿದ್ದೇನೆ, ಫ್ಯಾನೇ ಇಲ್ಲ. ಟಿವಿ ಹಿಂದೆ ಅಂಟಿಸಿದ್ದೇನೆ, ಮನೆಗೆ ಬಂದವರಿಗೆ ಗೊತ್ತೇ ಆಗಲ್ಲ. ಫೋಟೋ ಹಾಕಲಾ?

ಬಳ್ಳಾರಿ_ಬಾಕ್ಸ್
ಫೋಟೋ ಬೇಡ ಸರ್, ನನ್ನ ಸಮಸ್ಯೆ ನೋಡಿ. ರೂಟ್ ಅವರೇ, ಗೋಡೆ ಸಾಕೆಟ್ಟಿಗೆ ಹಾಕುವ ಪವರ್ ಮೀಟರ್. ಅದರಿಂದ ಯುಪಿಎಸ್, ಯುಪಿಎಸ್‌ನಿಂದ ಸರ್ವರ್. ಸ್ಲಾಟಿನಲ್ಲಿ ಎಲ್‌ಎಸ್‌ಐ 9211-8ಐ ಅನ್ನುವ, ಡಿಸ್ಕ್ ಜೋಡಿಸುವ ಕಾರ್ಡ್ ಇದೆ, ಡಿಸ್ಕೆಲ್ಲ ಅದಕ್ಕೇ. ನಾಸ್ (ಮನೆಯ ಫೈಲ್ ಸರ್ವರ್) ಅಂದ ಮೇಲೆ ಇದೆಲ್ಲ ಇದ್ದೇ ಇರುತ್ತೆ ಅಲ್ವಾ, ಅದನ್ನೇನು ಬರೆಯುವುದು.

ರಾಯಚೂರು_ರೂಟ್
ಕಥೆಯೆಲ್ಲ ಅಲ್ಲೇ ಇದೆ ರೀ! ಬ್ಯಾಟರಿ ತುಂಬಿದ್ದರೂ ಯುಪಿಎಸ್ ತನ್ನ ಪಾಲು ತಿನ್ನುತ್ತೆ. ಮೀಟರನ್ನು ಯುಪಿಎಸ್ ಆದ ಮೇಲೆ ಹಾಕಿ ನೋಡಿ. ಇನ್ನು ಆ ಕಾರ್ಡು ಒಂದೇ 8-10 ವ್ಯಾಟ್. ಅದಕ್ಕಿಂತ ದೊಡ್ಡ ತೊಂದರೆ, ಅದಕ್ಕೆ ಎಎಸ್‌ಪಿಎಂ (ಕೆಲಸ ಇಲ್ಲದಾಗ ಪಿಸಿಐ ಲಿಂಕನ್ನು ಮಲಗಿಸುವ ವ್ಯವಸ್ಥೆ) ಆಗಿಬರುವುದಿಲ್ಲ. ಅದು ಎಚ್ಚರ ಇರುವ ತನಕ ಪ್ರೊಸೆಸರ್ ಆಳದ ನಿದ್ದೆಗೆ ಇಳಿಯುವುದಿಲ್ಲ. ಪವರ್‌ಟಾಪ್ (ಕರೆಂಟ್ ಖರ್ಚು ತೋರಿಸುವ ಲಿನಕ್ಸ್ ಪ್ರೋಗ್ರಾಂ) ತೆರೆದು ಐಡಲ್ ಸ್ಟ್ಯಾಟ್ಸ್ ಪುಟದ ಎಡಗಡೆ ಪ್ಯಾಕೇಜ್ ಸಾಲು ನೋಡಿ. ಸಿ ಮುಂದಿನ ಅಂಕಿ ದೊಡ್ಡದಾದಷ್ಟು ನಿದ್ದೆ ಆಳ. ಸಿ2, ಸಿ3ರಲ್ಲೇ ನಿಂತಿದ್ದರೆ ಇದೇ ಕಾರಣ. ಮದರ್‌ಬೋರ್ಡಿನ ಸಾಟಾ ಪೋರ್ಟ್ ಖಾಲಿ ಇದ್ದರೆ ಡಿಸ್ಕ್ ಅಲ್ಲಿಗೆ ಹಾಕಿ, ಕಾರ್ಡ್ ಕಿತ್ತಿಡಿ. ಪೋರ್ಟ್ ಸಾಲದಿದ್ದರೆ ಎಎಸ್‌ಎಂ1166 ಚಿಪ್ಪಿನ ಕಾರ್ಡ್ ನೋಡಿ, ಫರ್ಮ್‌ವೇರ್ ಹೊಸದಿರಬೇಕು. ಜೆಎಂಬಿ585 ಚಿಪ್ಪಿನದು ತಗೋಬೇಡಿ, ಮತ್ತೆ ಅದೇ ಗೋಳು.

ಸಿಂಧನೂರು_ವೈರ್‌ಮ್ಯಾನ್
ಪವರ್ ಮೀಟರ್ ಮೇಲೆ ಅನುಮಾನ ಇದ್ದರೆ ಕರೆಂಟ್ ಮೀಟರನ್ನೇ ಕೇಳಿ. ಸರ್ವರ್ ಬಿಟ್ಟು ಮಿಕ್ಕಿದ್ದೆಲ್ಲ ಆಫ್ ಮಾಡಿ. ಡಿಜಿಟಲ್ ಮೀಟರಿನಲ್ಲಿ ಕೆಂಪು ಎಲ್‌ಇಡಿ ಮಿಟುಕುತ್ತೆ, ಯೂನಿಟ್ಟಿಗೆ ಎಷ್ಟು ಮಿಟುಕು ಅಂತ ಮುಖದ ಮೇಲೆ ಬರೆದಿರುತ್ತೆ. 3200 ಇದ್ದರೆ, ಎರಡು ಮಿಟುಕಿನ ನಡುವಿನ ಸೆಕೆಂಡಿನಿಂದ 1125 ಅನ್ನು ಭಾಗಿಸಿ. 17 ಸೆಕೆಂಡ್ ಬಂದರೆ 66 ವ್ಯಾಟ್. ಬಿಲ್ ಬರುವುದು ಈ ಲೆಕ್ಕಕ್ಕೇ.

ಗಂಗಾವತಿ_ಗೇಟ್‌ವೇ
ಫ್ರಿಜ್ ಆಫ್ ಮಾಡಿ ಎಲ್‌ಇಡಿ ನೋಡುತ್ತಾ ಕೂತರೆ ಮನೆಯಲ್ಲಿ ಊಟ ಹಾಕಲ್ಲ. ಅಂದಹಾಗೆ ಗೃಹಜ್ಯೋತಿ ಎಲ್ಲರಿಗೂ 200 ಅಲ್ಲ. ಶುರುವಾದಾಗ 2022-23ರ ಸರಾಸರಿಗೆ 10 ಶೇಕಡಾ ಸೇರಿಸಿ ಕೊಟ್ಟಿದ್ದು.

ತುಂಗಭದ್ರ_ನಾಸ್
ಅದಕ್ಕಿಂತ ಜಾಸ್ತಿ ಆದರೆ ಜಾಸ್ತಿ ಆದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ. ಬಾಕ್ಸ್ ಅವರು ಹೇಳಿದ್ದು ಸರಿಯಾಗೇ ಇದೆ.

ಬಳ್ಳಾರಿ_ಬಾಕ್ಸ್
ಯುಪಿಎಸ್ ಆದ ಮೇಲೆ ಮೀಟರ್ ಇಟ್ಟರೆ 53. ಅಂದರೆ ಯುಪಿಎಸ್ ಒಂದೇ 13! ಕಾರ್ಡ್ ಕಿತ್ತು, ಡಿಸ್ಕನ್ನು ಬೋರ್ಡಿಗೆ ಹಾಕಿ, ಪವರ್‌ಟಾಪ್ ಆಟೋ-ಟ್ಯೂನ್ ಕೊಟ್ಟೆ. ಈಗ 40. ಪ್ಯಾಕೇಜ್ ಸಾಲಿನಲ್ಲಿ ಮೊದಲು ಸಿ2 ಬಿಟ್ಟು ಏನೂ ಕಾಣುತ್ತಿರಲಿಲ್ಲ, ಈಗ ಸಿ8 ಕಾಣುತ್ತಿದೆ. ಆಗಾಗ ಮಾತ್ರ.

ಗಂಗಾವತಿ_ಗೇಟ್‌ವೇ
ಪಿಕೊ ಹಾಕಿದ್ದರೆ 35 ಆಗುತ್ತಿತ್ತು.

ರಾಯಚೂರು_ರೂಟ್
ಆಗಲಿ, 5 ವ್ಯಾಟ್ ಅಂದರೆ ತಿಂಗಳಿಗೆ 3.6 ಯೂನಿಟ್. ಎಸ್‌ಎಂಪಿಎಸ್ ಬದಲಿಸಿ ಸಿಕ್ಕಿದ್ದೂ ಅಷ್ಟೇ. ಕಾರ್ಡ್ ಕಿತ್ತಿದ್ದಕ್ಕೆ ಒಂಬತ್ತು ಯೂನಿಟ್ ಉಳಿಯಿತು, ಖರ್ಚು ಸೊನ್ನೆ. ಈಗಿನ 40ರಲ್ಲಿ ಅರ್ಧದಷ್ಟು ಡಿಸ್ಕ್‌ಗಳದ್ದೇ, ಒಂದೊಂದು ಸುಮ್ನೆ ತಿರುಗಲು 5 ವ್ಯಾಟ್. ಹೆಚ್‌ಡಿಪಾರ್ಮ್ ಕಮಾಂಡಿನಲ್ಲಿ, 20 ನಿಮಿಷ ಕೆಲಸ ಇಲ್ಲದಿದ್ದರೆ ಡಿಸ್ಕ್ ನಿಲ್ಲುವ ಹಾಗೆ ಇಡಿ.

ಸಿಂಧನೂರು_ವೈರ್‌ಮ್ಯಾನ್
ನಿಲ್ಲಿಸಿ ಎಬ್ಬಿಸಿ ಮಾಡಿದರೆ ಡಿಸ್ಕ್ ಬೇಗ ಸಾಯುತ್ತೆ.

ತುಂಗಭದ್ರ_ನಾಸ್
ಯಾರು ಹೇಳಿದ್ದು? ನಾಸ್ ಡಿಸ್ಕಿಗೆ 6 ಲಕ್ಷ ಸೈಕಲ್ ತನಕ ಬರೆದಿರುತ್ತಾರೆ.

ರಾಯಚೂರು_ರೂಟ್
ಅದು ಡಿಸ್ಕ್ ಓದುವ ಹೆಡ್ ಪಕ್ಕಕ್ಕೆ ಸರಿದು ಪಾರ್ಕ್ ಆಗುವ ಲೆಕ್ಕ, ಮೋಟಾರ್ ನಿಂತು ಏಳುವುದು ಬೇರೆ. ದಿನಕ್ಕೆ ನಾಲ್ಕೈದು ಸಲ ಎದ್ದರೆ ಏನೂ ಆಗಲ್ಲ. ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸುವುದಾದರೆ ಬಿಡಿ, ತಿರುಗುತ್ತಲೇ ಇರಲಿ.

ಬಳ್ಳಾರಿ_ಬಾಕ್ಸ್
ಹಾಕಿದೆ. ನಿಲ್ಲುತ್ತಲೇ ಇಲ್ಲ. ಗೇಟಿನ ಎರಡು ಕ್ಯಾಮೆರಾ ಇದರಲ್ಲೇ ರೆಕಾರ್ಡ್ ಆಗುತ್ತೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ರಾಯಚೂರು_ರೂಟ್
...

ರಾಯಚೂರು_ರೂಟ್
ಇದೆ ರೀ, ಇದೆ. ಕ್ಯಾಮೆರಾ ಬರೆಯುತ್ತಿರುವಾಗ ಡಿಸ್ಕ್ ಹೇಗೆ ನಿಲ್ಲುತ್ತೆ? ನಾಲ್ಕೂ ಸೇರಿ ರೇಡ್ 5 (ಡೇಟಾ ಎಲ್ಲ ಡಿಸ್ಕಿಗೂ ಹಂಚಿ ಬರೆಯುವ ಜೋಡಣೆ) ಮಾಡಿದ್ದರೆ ನಾಲ್ಕೂ ಎಚ್ಚರ. ರೆಕಾರ್ಡಿಂಗ್ ಮಾತ್ರ ಒಂದು ಬೇರೆ ಡಿಸ್ಕಿಗೆ ಹಾಕಿ. ರೇಡ್ ಹೇಗಿದೆ ಹೇಳಿ.

ಮಾನ್ವಿ_ಮೋಡೆಮ್
ನನ್ನದೂ ಇದೇ ಸಮಸ್ಯೆ, ಆದರೆ ರೈಜೆನ್ ಪ್ರೊಸೆಸರ್. ಪವರ್‌ಟಾಪ್‌ನಲ್ಲಿ ಪ್ಯಾಕೇಜ್ ಸಾಲೇ ಬರುತ್ತಿಲ್ಲ. ಏನು ಮಾಡಲಿ?

ಗಂಗಾವತಿ_ಗೇಟ್‌ವೇ
ಎಸ್‌ಎಂಪಿಎಸ್ ಎಷ್ಟು ವ್ಯಾಟಿಂದು?