ಆಪರೇಷನ್ ಡೇಟ್ ಕೊಟ್ಟಾರ, ಕ್ಲಿನಿಕಲ್ ಟ್ರಯಲ್ ಈಗ ಹುಡುಕಬೇಕಾ, ಆಮ್ಯಾಲಾ? (ಸ್ತನ ಕ್ಯಾನ್ಸರ್, ಸ್ಟೇಜ್ 2, ಕಲಬುರಗಿ)

ತೊಗರಿ ಕಣಜ

ಆಳಂದ ತಾಲ್ಲೂಕಿನ ಒಬ್ಬ ಪೇಷಂಟ್ ಪರವಾಗಿ ಕೇಳ್ಲಾಕತ್ತೀನ್ರಿ. ವಯಸ್ಸು 46. ಎಡಗಡೆ ಎದಿಯಾಗ 2.6 ಸೆಂ.ಮೀ. ಗಂಟು, ಕಂಕುಳಾಗ ಒಂದು ಗ್ರಂಥಿ ಕೈಗೆ ಹತ್ತತದ. ಕೋರ್ ಬಯಾಪ್ಸಿ ರಿಪೋರ್ಟ್ ಬಂದದ: ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ, ಗ್ರೇಡ್ 3, ಇ.ಆರ್. ಪಾಸಿಟಿವ್, ಪಿ.ಆರ್. ನೆಗೆಟಿವ್ (ಇವೆರಡೂ ಹಾರ್ಮೋನ್ ಗ್ರಾಹಕ), ಹರ್-2 (ಕ್ಯಾನ್ಸರ್ ಬೆಳಸೋ ಪ್ರೋಟೀನ್) 'ಟೂ ಪ್ಲಸ್'. ಮುಂದಿನ ವಾರ ಆಪರೇಷನ್ ಅಂದಾರ.

ಟ್ರಯಲ್ (ಚಿಕಿತ್ಸಾ ಹೆಂಗ ಕೆಲಸ ಮಾಡ್ತದ ಅಂತ ಪೇಷಂಟ್‌ಗಳ ಮ್ಯಾಲ ನೋಡೋ ಅಧ್ಯಯನ) ಅಂದ್ರ ಎಲ್ಲಾ ದಾರಿ ಮುಗಿದ ಮ್ಯಾಲ ಮಾಡೋದು ಅಂತ ಮನ್ಯಾಗ ತಿಳ್ಕೊಂಡಾರ. ಸ್ಟೇಜ್ 2ಕ್ಕೂ ಇರ್ತಾವೇನು? ಮೊದಲು ಗಂಟು ತೆಗೆಸಿ, ಆಮ್ಯಾಲ ಆರಾಮಾಗಿ ಹುಡುಕಬಹುದಾ? ಬರೇ ಸಕ್ಕರಿ ಗುಳಿಗಿ ಕೊಟ್ಟು ಕೂಡಸ್ತಾರ ಅನ್ನೋ ಹೆದರಿಕಿನೂ ಅದ. ನೆಟ್‌ನ್ಯಾಗ ನೋಡಿದ್ರ ನೂರಾರು ಬರ್ತಾವ, ಯಾವುದು ಯಾರಿಗೆ ಅಂತ ತಿಳಿಯಂಗಿಲ್ಲ. ಅವರಿಗೆ ಕನ್ನಡ ಬಿಟ್ಟರ ಬ್ಯಾರೆ ಓದ್ಲಾಕ ಬರಲ್ಲ.

ಬ್ರಹ್ಮಪುರ ಓಣಿ

ಎರಡನೇ ಪ್ರಶ್ನೆಯಿಂದಲೇ ಶುರು ಮಾಡ್ತೇನೆ, ನಿಮ್ಮ ಹತ್ತಿರ ಇರೋದು ಒಂದೇ ವಾರ.

ಆಪರೇಷನ್ ಮುಗಿಸಿ ಹುಡುಕೋಣ ಅಂದ್ರೆ ಅರ್ಧ ಬಾಗಿಲು ಆಗಲೇ ಹಾಕಿರುತ್ತೆ. ಆರಂಭಿಕ ಹಂತದ ಟ್ರಯಲ್‌ಗಳು ಯಾವ ಗಳಿಗೆಯಲ್ಲಿ ಸೇರಿಸಿಕೊಳ್ತವೆ ಅನ್ನೋದರ ಮೇಲೆ ಬೇರೆಬೇರೆ. ಕೆಲವು ಗಂಟು ಇನ್ನೂ ಒಳಗಿರುವಾಗ, ಕೀಮೋ ಶುರುವಾಗುವ ಮೊದಲು. ಕೆಲವು ಆಪರೇಷನ್ ಟೇಬಲ್ ಮೇಲೆ. ಉಳಿದವು ಆಪರೇಷನ್ ಆದ ಇಂತಿಷ್ಟು ವಾರದೊಳಗೆ. ಮೊದಲ ಎರಡಕ್ಕೆ ಗಂಟು ಇದ್ದ ಜಾಗದಲ್ಲೇ ಇರಬೇಕು. ಒಂದೇ ಒಂದು ಡೋಸ್ ಕೀಮೋ ಬಿದ್ದಿದ್ರೂ ಬೇಡ ಅನ್ನೋ ಟ್ರಯಲ್‌ಗಳು ಸಾಕಷ್ಟಿವೆ.

ನಿಮ್ಮ ಕೇಸಿನಲ್ಲಿ ಇದು ಬರೀ ಟ್ರಯಲ್ ಮಾತೂ ಅಲ್ಲ. ಹರ್-2 'ಟೂ ಪ್ಲಸ್' ಅಂದ್ರೆ ಉತ್ತರ ಅಲ್ಲ, ಇನ್ನೂ ಪ್ರಶ್ನೆ. ಫಿಶ್ ಟೆಸ್ಟ್ (ಅದೇ ಬಯಾಪ್ಸಿ ತುಂಡಿನಲ್ಲಿ ಹರ್-2 ಜೀನ್ ಹೆಚ್ಚಿದೆಯಾ ಅಂತ ಎಣಿಸೋದು) ಆಗಲೇಬೇಕು. ಅದು ಪಾಸಿಟಿವ್ ಬಂದರೆ, 2 ಸೆಂ.ಮೀ.ಗಿಂತ ದೊಡ್ಡ ಗಂಟು, ಜೊತೆಗೆ ಕಂಕುಳ ಗ್ರಂಥಿ ಇರುವವರಿಗೆ ಮೊದಲು ಕೀಮೋ ಮತ್ತು ಟ್ರಾಸ್ಟುಜುಮ್ಯಾಬ್ (ಹರ್-2ಗೇ ಗುರಿಯಿಡುವ ಔಷಧಿ) ಕೊಟ್ಟು, ಆಮೇಲೆ ಆಪರೇಷನ್ ಮಾಡೋದೇ ಈಗಿನ ರೂಢಿ. ಯಾಕೆ ಅಂದ್ರೆ ಕೀಮೋ ಆದಮೇಲೆ ಏನಾದರೂ ಉಳಿದಿದೆಯಾ ಅಂತ ನೋಡಿ ಮುಂದಿನ ಔಷಧಿ ಬದಲಿಸಬಹುದು. ಕ್ಯಾಥರೀನ್ ಅನ್ನೋ ಟ್ರಯಲ್ ಇದನ್ನೇ ತೋರಿಸಿದ್ದು. ಕೀಮೋ ನಂತರವೂ ಕ್ಯಾನ್ಸರ್ ಉಳಿದಿದ್ದ 1,486 ಮಂದಿಯಲ್ಲಿ ಅರ್ಧ ಜನಕ್ಕೆ ಅದೇ ಟ್ರಾಸ್ಟುಜುಮ್ಯಾಬ್ ಮುಂದುವರಿಸಿದರು, ಇನ್ನರ್ಧಕ್ಕೆ ಟಿ-ಡಿಎಂ1 (ಟ್ರಾಸ್ಟುಜುಮ್ಯಾಬ್‌ಗೆ ಕೀಮೋ ಮದ್ದು ಜೋಡಿಸಿದ್ದು) ಕೊಟ್ಟರು. 3 ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 77, ಎರಡನೆಯದರಲ್ಲಿ ಶೇ. 88.3. ಮೊದಲೇ ಗಂಟು ತೆಗೆಸಿಕೊಂಡವರು ಆ ಟ್ರಯಲ್‌ಗೆ ಬರುವಂತೆಯೇ ಇರಲಿಲ್ಲ. 'ಉಳಿದದ್ದು' ಅಳೆಯೋಕೆ ಏನೂ ಇರ್ತಿರಲಿಲ್ಲ.

ಹಾಗಾಗಿ ಸರ್ಜನ್ ಹತ್ತಿರ ಕೇಳಬೇಕಾದ ಮಾತು ಇಷ್ಟೇ: "ಫಿಶ್ ಬರೋತನಕ ಡೇಟ್ ಮುಂದೂಡಬಹುದಾ?" ವಾರ, ಹತ್ತು ದಿನ ತಡವಾದರೆ ಏನೂ ಕೆಡಲ್ಲ. ಅಲ್ಲಿ ಇಲ್ಲಿ ಅಲೆದು ಮೂರು ತಿಂಗಳು ಕಳೆದರೆ ಕೆಡುತ್ತೆ. ಮೊದಲು ಕೀಮೋ ಅಂತ ತೀರ್ಮಾನವಾದರೆ ಗಂಟಿನೊಳಗೆ ಕ್ಲಿಪ್ (ಗುರುತಿನ ಸಣ್ಣ ಲೋಹದ ಚೂರು) ಹಾಕಿಸೋದನ್ನು ಮರೀಬೇಡಿ. ಕೀಮೋಗೆ ಗಂಟು ಪೂರ್ತಿ ಕರಗಿ ಹೋದರೆ ಎಲ್ಲಿ ಕೊಯ್ಯಬೇಕು ಅಂತ ಸರ್ಜನ್‌ಗೆ ಗುರುತೇ ಸಿಗಲ್ಲ.

ಟ್ರಯಲ್ ಕಡೇ ಹಂತದವರಿಗೆ ಮಾತ್ರ ಅನ್ನೋದು ಹಳೇ ಮಾತು. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ನಡೆಸಿದ ಲಿಗ್ನೋಕೇನ್ ಟ್ರಯಲ್ ಪೂರ್ತಿ ಆರಂಭಿಕ ಹಂತದವರದ್ದೇ. ಹಲ್ಲು ಕೀಳುವಾಗ ಕೊಡ್ತಾರಲ್ಲ, ಅದೇ ಮದ್ದು. ಶೇ. 0.5ರ ದ್ರಾವಣವನ್ನು ಗಂಟಿನ ಸುತ್ತ ಚುಚ್ಚಿ, 7ರಿಂದ 10 ನಿಮಿಷ ಬಿಟ್ಟು, ಆಮೇಲೆ ಕೊಯ್ದರು. ಇನ್ನೊಂದು ಗುಂಪಿಗೆ ಚುಚ್ಚದೆ ಕೊಯ್ದರು. ದೇಶದ 11 ಕೇಂದ್ರ, ಸುಮಾರು 1,600 ಮಹಿಳೆಯರು, 2023ರಲ್ಲಿ ಫಲಿತಾಂಶ. 5 ವರ್ಷಕ್ಕೆ ಬದುಕಿದ್ದವರು ಚುಚ್ಚಿದ ಗುಂಪಿನಲ್ಲಿ ಶೇ. 90.1, ಚುಚ್ಚದ ಗುಂಪಿನಲ್ಲಿ ಶೇ. 86.4. ಹೊಸ ಔಷಧಿಯೂ ಇಲ್ಲ, ಲಕ್ಷಗಟ್ಟಲೆ ಖರ್ಚೂ ಇಲ್ಲ. ಟ್ರಯಲ್ ಅಂದ ಕೂಡಲೇ ಫಾರಿನ್ ಕಂಪನಿ ಅಂತ ಅಂದ್ಕೊಳ್ಳೋರಿಗೆ ಇದನ್ನು ಹೇಳಿ.

ಸಕ್ಕರೆ ಗುಳಿಗೆ ವಿಷಯ. ಒಳ್ಳೆ ಚಿಕಿತ್ಸೆ ಇರುವ ರೋಗದಲ್ಲಿ ಅದನ್ನು ತಪ್ಪಿಸಿ ಬರೀ ಹುಸಿ ಗುಳಿಗೆ ಕೊಡೋದಕ್ಕೆ ಎಥಿಕ್ಸ್ ಕಮಿಟಿ (ಪೇಷಂಟ್‌ಗಳ ಹಿತ ಕಾಯುವ ಸಮಿತಿ) ಒಪ್ಪಲ್ಲ. ಕ್ಯಾಥರೀನ್ ಥರದವುಗಳಲ್ಲಿ ರೂಢಿಯ ಔಷಧಿ ಜಾಗಕ್ಕೇ ಹೊಸದು ಬರುತ್ತೆ. ಉಳಿದವುಗಳಲ್ಲಿ ರೂಢಿಯ ಚಿಕಿತ್ಸೆ ಎರಡೂ ಗುಂಪಿಗೆ ಇರುತ್ತೆ. ಅದರ ಮೇಲೆ ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಹುಸಿ, ಅಥವಾ ಏನೂ ಇಲ್ಲ. ಯಾವ ಗುಂಪು ಅನ್ನೋದು ಕಂಪ್ಯೂಟರ್ ಚೀಟಿ. ಡಾಕ್ಟರ ವಶೀಲಿಯೂ ನಡೆಯಲ್ಲ.

ಗಾಜಿನ ಸ್ಲೈಡು

ಬ್ಲಾಕ್ ಬಗ್ಗೆ ಯಾರೂ ಮಾತಾಡಿಲ್ಲ, ಇಲ್ಲಿಂದ ಹೋದವರು ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ಬಯಾಪ್ಸಿ ತುಂಡನ್ನು ಮೇಣದಲ್ಲಿ ಕೂಡಿಸಿ ಇಟ್ಟ ಸಣ್ಣ ಚೌಕವೇ ಬ್ಲಾಕ್. ಫಿಶ್ ಮಾಡೋದು ಅದರಿಂದ. ಟ್ರಯಲ್ ನಡೆಸುವವರು ತಮ್ಮ ಲ್ಯಾಬಿನಲ್ಲಿ ಇ.ಆರ್., ಹರ್-2 ಮತ್ತೆ ನೋಡೋದೂ ಅದರಿಂದಲೇ. ರಿಪೋರ್ಟ್ ಕಾಗದ ಹಿಡ್ಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಹೋದ್ರೆ "ಬ್ಲಾಕ್ ತನ್ನಿ" ಅಂತ ವಾಪಸ್ ಕಳಿಸ್ತಾರೆ, ಒಂದು ವಾರ ಹೋಯ್ತು. ಲ್ಯಾಬಿಗೆ ಅರ್ಜಿ ಬರೆದು ಬ್ಲಾಕ್ ಮತ್ತು ಸ್ಲೈಡ್ ಎರಡೂ ಕೇಳಿ. ಬ್ಲಾಕ್ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇನಾ ಅಂತ ಕೌಂಟರ್ ಮುಂದೆ ನಿಂತೇ ನೋಡಿ. ಒಂದು ಅಂಕಿ ತಪ್ಪಿದ್ರೆ ಆ ಬ್ಲಾಕ್ ಅನ್ನು ಯಾರೂ ಮುಟ್ಟಲ್ಲ.

ನಗಬೇಡಿ, ಇದೂ ಆಗೋ ಮಾತೇ: ಏಪ್ರಿಲ್-ಮೇ ಬಿಸಿಲಲ್ಲಿ ಬ್ಲಾಕ್ ಇರುವ ಡಬ್ಬಿಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಮೇಣ ಕರಗೋದು 56-60 ಡಿಗ್ರಿಗೆ. ಬಾಗಿಲು ಹಾಕಿ ಬಿಸಿಲಿಗೆ ನಿಲ್ಲಿಸಿದ ಕಾರು ನಮ್ಮ ಊರಲ್ಲಿ ಅದನ್ನು ದಾಟುತ್ತೆ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೈಚೀಲದಲ್ಲಿಟ್ಟರೆ ಸಾಕು. ಐಸ್ ಬೇಕಿಲ್ಲ.

ಇನ್ನೊಂದು. ಗಂಟು ತೆಗೆಯುವ ದಿನ ಬಂದಾಗ ಅದು ಹೋಗಬೇಕಾದ್ದು ಶೇ. 10ರ ಬಫರ್ಡ್ ಫಾರ್ಮಲಿನ್‌ಗೆ, ತೆಗೆದ ಒಂದು ತಾಸಿನೊಳಗೆ, ತುಂಡಿನ ಹತ್ತು ಪಟ್ಟು ದ್ರಾವಣದಲ್ಲಿ. ಸಲೈನ್ ಬಾಟಲಿಯಲ್ಲಿ ಹಾಕಿ "ನಾಳೆ ಲ್ಯಾಬಿಗೆ ಕೊಡಿ" ಅಂತ ಮನೆಯವರ ಕೈಗೆ ಕೊಡೋದು ಸಣ್ಣ ಊರುಗಳಲ್ಲಿ ಇನ್ನೂ ಇದೆ. ಸಲೈನ್‌ನಲ್ಲಿ ಅಂಗಾಂಶ ಕೊಳೆಯೋಕೆ ಶುರುವಾಗುತ್ತೆ, ಇ.ಆರ್. ಇದ್ದದ್ದೂ ಇಲ್ಲ ಅಂತ ತೋರಿಸಬಹುದು. ಪೂರ್ತಿ ಸ್ತನ ತೆಗೆದಿದ್ರೆ ಬರೀ ಮುಳುಗಿಸಿದರೂ ಸಾಲದು. ಫಾರ್ಮಲಿನ್ ತಾಸಿಗೆ ಹೆಚ್ಚುಕಡಿಮೆ 1 ಮಿ.ಮೀ. ಒಳಗಿಳಿಯೋದು, ಅದಕ್ಕೇ ಪೆಥಾಲಜಿಯವರು ಅದನ್ನು ಬೇಗ ಸೀಳಿ ಇಡಬೇಕು. ಫಾರ್ಮಲಿನ್‌ನಲ್ಲಿ 6 ತಾಸಿಗಿಂತ ಕಡಿಮೆಯೂ ಬೇಡ, 72 ದಾಟೋದೂ ಬೇಡ. ಶನಿವಾರ ಮಧ್ಯಾಹ್ನ ಆಪರೇಷನ್, ಸೋಮವಾರ ಹಬ್ಬದ ರಜೆ, ಲ್ಯಾಬ್ ಮುಚ್ಚಿದೆ: ಲೆಕ್ಕ ಹಾಕಿ ನೋಡಿ.

ಮಳಖೇಡ ಕಲ್ಲು

ಹುಡುಕೋ ಕ್ರಮ ಹೇಳ್ತೇನೆ. ನಮ್ಮ ದೇಶದಲ್ಲಿ ನಡೆಯುವ ಟ್ರಯಲ್‌ಗಳು ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ-ಇಂಡಿಯಾ) ಎಂಬ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ಇರಬೇಕು. 2007ರಲ್ಲಿ ಶುರುವಾಗಿದ್ದು, 2009ರ ಜೂನ್‌ನಿಂದ ಕಡ್ಡಾಯ. ಬರೀ 'ಬ್ರೆಸ್ಟ್ ಕ್ಯಾನ್ಸರ್' ಅಂತ ಹಾಕಿದ್ರೆ ನೂರಾರು ಬರೋದು ಖರೆ. ಅದರಲ್ಲಿ ದೊಡ್ಡ ಪಾಲು ಪಿ.ಜಿ. ವಿದ್ಯಾರ್ಥಿಗಳ ಥೀಸಿಸ್: ಆಪರೇಷನ್ ವೇಳೆ ಯಾವ ನರಕ್ಕೆ ಅರಿವಳಿಕೆ ಕೊಟ್ಟರೆ ನೋವು ಕಡಿಮೆ, ಇಂಥವು. ಕೆಟ್ಟದ್ದಲ್ಲ, ನೀವು ಹುಡುಕ್ತಿರೋದು ಅದಲ್ಲ, ಅಷ್ಟೇ. ನೇಮಕಾತಿ 'ಓಪನ್' ಇರುವುದನ್ನು ಮಾತ್ರ ಸೋಸಿ, ಒಳಗೆ ಹೋಗಿ ನಾಲ್ಕು ಕಡೆ ಕಣ್ಣಾಡಿಸಿ: ಸೈಟ್‌ಗಳ (ಟ್ರಯಲ್ ನಡೆಯುವ ಆಸ್ಪತ್ರೆಗಳ) ಪಟ್ಟಿ, ಸೇರಿಸುವ ಷರತ್ತು, ಹೊರಗಿಡುವ ಷರತ್ತು, ಎಥಿಕ್ಸ್ ಕಮಿಟಿ ಒಪ್ಪಿಗೆ. 'ಓಪನ್' ಅಂತಿದ್ದದ್ದು ಎಷ್ಟೋ ಸಲ ಭರ್ತಿಯಾಗಿ ತಿಂಗಳುಗಳೇ ಆಗಿರುತ್ತೆ, ಯಾರೂ ತಿದ್ದಿರಲ್ಲ. ಅಲ್ಲೇ ಕೊಟ್ಟಿರುವ ನಂಬರಿಗೆ ಫೋನ್ ಮಾಡದೆ ಬಸ್ ಹತ್ತಬೇಡಿ.

ಫೋನಿನಲ್ಲಿ ಕಥೆ ಹೇಳಬೇಡಿ. ವಯಸ್ಸು, ಗಂಟಿನ ಅಳತೆ, ಗ್ರಂಥಿ, ಇ.ಆರ್.-ಪಿ.ಆರ್.-ಹರ್-2, ಇದುವರೆಗೆ ಯಾವ ಚಿಕಿತ್ಸೆಯೂ ಆಗಿಲ್ಲ, ಬ್ಲಾಕ್ ಕೈಯಲ್ಲಿದೆ. ಇಷ್ಟು ಹೇಳಿದ್ರೆ ಕೋಆರ್ಡಿನೇಟರ್ ಎರಡೇ ನಿಮಿಷದಲ್ಲಿ ಬರ್ರಿ ಅಥವಾ ಬೇಡ ಅಂತಾರೆ.

ನಮ್ಮ ಭಾಗದವರು ಹೊರಗುಳಿಯೋದಕ್ಕೆ ಮಾಮೂಲಿ ಕಾರಣ ರಕ್ತ. ಹಿಮೋಗ್ಲೋಬಿನ್ 9 ಅಥವಾ 10 ಇರಬೇಕು ಅಂತ ಬಹಳಷ್ಟು ಟ್ರಯಲ್‌ಗಳ ಷರತ್ತು, 8.2 ಇಟ್ಕೊಂಡು ಹೋಗ್ತಾರೆ. ಎಲ್ಲಿಗೆ ಹೋಗೋದಾದ್ರೂ ಸಿಬಿಸಿ (ರಕ್ತಕಣ, ಹಿಮೋಗ್ಲೋಬಿನ್ ಪರೀಕ್ಷೆ) ಇವತ್ತೇ ಮಾಡಿಸಿ. ಕಡಿಮೆ ಇದ್ದರೆ ಸರಿಮಾಡಿಸೋಕೆ ವೇಳೆ ಬೇಕು, ಬರೀ ಗುಳಿಗೆಯಿಂದ ವಾರದಲ್ಲಿ ಏರಲ್ಲ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿಂಗ್ ಶೇ. 50 ದಾಟಿರಬೇಕು ಅನ್ನೋದು ಹರ್-2 ಔಷಧಿಗಳ ಟ್ರಯಲ್‌ಗಳಲ್ಲಿ ಮಾಮೂಲಿ. ನಾಟಿ ಔಷಧಿ ತಗೊಂಡಿದ್ದರೆ ಮುಚ್ಚಿಡಬೇಡಿ. ಲಿವರ್ ಟೆಸ್ಟ್ ಏರುಪೇರಾದಾಗ ಕಾರಣ ಗೊತ್ತಾಗದೆ ಪೇಷಂಟನ್ನು ಅರ್ಧಕ್ಕೇ ಕೈಬಿಡಬೇಕಾಗುತ್ತೆ.

ತೊಗರಿ ಕಣಜ

ಇಷ್ಟು ಬೇಗ ಉತ್ತರ ಬರ್ತಾವ ಅಂದ್ಕೊಂಡಿರಲಿಲ್ಲ. ಸರ್ಜನ್ ಫಿಶ್‌ಗೆ ಒಪ್ಯಾರ, ಡೇಟ್ ಮುಂದ ಹಾಕ್ಯಾರ. ಇನ್ನ ಎರಡು ಮಾತು: ರೊಕ್ಕ ಯಾರು ಕೊಡ್ತಾರ? ಸಹಿ ಹಾಕಿದ ಮ್ಯಾಲ ನಡುವ ಬಿಡಬಹುದಾ?

ಮಳಖೇಡ ಕಲ್ಲು

ಯಾವಾಗ ಬೇಕಾದ್ರೂ ಬಿಡಬಹುದು, ಕಾರಣ ಹೇಳೋದೂ ಬೇಕಿಲ್ಲ. ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಆದರೆ ಬಿಡೋದನ್ನು ಹೇಳಿ ಬಿಡಿ, ಸುಮ್ಮನೆ ಫೋನ್ ಎತ್ತದೆ ಕೂತರೆ ಔಷಧಿ ನಿಲ್ಲಿಸುವಾಗ ಮಾಡಬೇಕಾದ ಟೆಸ್ಟ್‌ಗಳು ತಪ್ಪುತ್ತವೆ.

ಟ್ರಯಲ್ ಔಷಧಿಗೆ, ಟ್ರಯಲ್‌ಗಾಗಿಯೇ ಮಾಡುವ ಟೆಸ್ಟ್‌ಗೆ ಪೇಷಂಟ್ ದುಡ್ಡು ಕೊಡುವ ಹಾಗಿಲ್ಲ. "ಸೇರಿಸ್ತೀನಿ, ಇಷ್ಟು ಕೊಡಿ" ಅಂದವರು ಬ್ರೋಕರ್. ಜಗಳ ಬರೋದು ನಡುವಿನ ಬಾಬತ್ತಿಗೆ: ಪೋರ್ಟ್ (ಕೀಮೋ ಹಾಕೋಕೆ ಚರ್ಮದಡಿ ಇಡುವ ಸಾಧನ), ಎಕೋ, ಸ್ಕ್ಯಾನ್, ಮಾಮೂಲಿ ಕೀಮೋ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಯಾವುದು, ಟ್ರಯಲ್ ಖರ್ಚಿನಲ್ಲಿ ಯಾವುದು, ಕೈಯಿಂದ ಯಾವುದು ಅಂತ ಒಂದು ಹಾಳೆ ಮೇಲೆ ಬರೆಸಿಕೊಳ್ಳಿ. ರಾಜ್ಯದ ಹೊರಗಿನ ಆಸ್ಪತ್ರೆಯಾದರೆ ಕಾರ್ಡ್ ನಡೆಯುತ್ತಾ ಅಂತ ಹೊರಡುವ ಮುಂಚೆಯೇ ಕೇಳಿ.

ಸಹಿ ಅದೇ ದಿನ ಹಾಕಬೇಕಿಲ್ಲ, ಒಪ್ಪಿಗೆ ಫಾರ್ಮ್ ಮನೆಗೆ ತಗೊಂಡು ಹೋಗಿ ಓದಿ. ಕನ್ನಡದಲ್ಲಿ ಕೇಳಿ. ಹೈದರಾಬಾದಿನ ಸೈಟುಗಳಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಇದ್ದು ಕನ್ನಡ ಇಲ್ಲದಿರಬಹುದು. ಅನುವಾದ ಮಾಡಿಸಿದರೂ ಅವರ ಎಥಿಕ್ಸ್ ಕಮಿಟಿ ಒಪ್ಪಬೇಕು, ಅದಕ್ಕೆ ದಿನ ಹಿಡಿಯುತ್ತೆ, ಹಾಗಾಗಿ ಮೊದಲ ಫೋನಿನಲ್ಲೇ ಈ ಮಾತು ಎತ್ತಿ. ಗಂಡ ಹಿಂದಿಯಲ್ಲಿ ಕೇಳಿಸಿಕೊಂಡು ಹೆಂಡತಿಗೆ "ಹಾಕು" ಅನ್ನೋದು ಒಪ್ಪಿಗೆ ಅಲ್ಲ. ಓದು ಬರದವರ ಹೆಬ್ಬೆಟ್ಟಿಗೆ ಟ್ರಯಲ್ ತಂಡಕ್ಕೆ ಸೇರದ ಸಾಕ್ಷಿ ಬೇಕು. ವಾರ್ಡಿನ ನರ್ಸನ್ನು ಕರೆದು ಸಾಕ್ಷಿ ಹಾಕಿಸಿದರೆ ಪ್ರಶ್ನೆ ಮಾಡಿ. ಸಹಿಯಾದ ಫಾರ್ಮಿನ ಒಂದು ಪ್ರತಿ ಪೇಷಂಟ್‌ಗೆ ಕೊಡಲೇಬೇಕು, 2019ರ ಕೇಂದ್ರ ಸರ್ಕಾರದ ಕ್ಲಿನಿಕಲ್ ಟ್ರಯಲ್ ನಿಯಮದಲ್ಲಿದೆ. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಅನ್ನೋದೂ ಅದೇ ನಿಯಮದಲ್ಲಿದೆ.

ಬಿದರಿ ಕಪ್ಪು

ಓಡಾಟದ ಲೆಕ್ಕ ಮೊದಲೇ ಹಾಕ್ರಿ. ಜನ ಔಷಧಿಗೆ ಅಂಜಿ ಬಿಡೋದಕ್ಕಿಂತ ಓಡಾಡಿ ಸಾಕಾಗಿ ಬಿಡೋದು ಹೆಚ್ಚು. 21 ದಿನಕ್ಕೊಂದು ಕೀಮೋ ಅಂದ್ರ ಅದಕ್ಕ ಮೊದಲು ರಕ್ತ, ಕೆಲವದರಾಗ 8ನೇ ದಿನ ಮತ್ತ. ಎರಡು-ಮೂರು ದಿನ ಆಚೀಚೆ ನಡೀತದ, ವಾರ ನಡ್ಯಂಗಿಲ್ಲ. ತೊಗರಿ ರಾಶಿ, ಮನಿ ಮದಿವಿ, ಶರಣಬಸವೇಶ್ವರ ಜಾತ್ರಿ ಎಲ್ಲಾ ಕ್ಯಾಲೆಂಡರ್‌ದಾಗ ಗುರುತು ಮಾಡಿ ಕೋಆರ್ಡಿನೇಟರ್ ಮುಂದ ಇಡ್ರಿ. ನಡುವಿನ ರಕ್ತ ಪರೀಕ್ಷಾ ಕಲಬುರಗಿದಾಗೇ ಮಾಡಿಸಿ ವಾಟ್ಸ್ಯಾಪ್ ಮಾಡಿದ್ರ ನಡೀತದೇನು ಅಂತ ಕೇಳ್ರಿ. ಕೆಲವರು ಒಪ್ತಾರ.

ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಸುಮಾರು 140 ಕಿ.ಮೀ. ಕಲಬುರಗಿ, ಯಾದಗಿರಿಯವರು ಬೆಂಗಳೂರಿಗೆ ರಾತ್ರಿ ರೈಲಿಗೆ ಹೋಗಬಹುದು. ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ಪೇಷಂಟಿಗೆ ಸ್ಲೀಪರ್ ಮತ್ತ 3 ಎಸಿದಾಗ ಪೂರ್ತಿ ರಿಯಾಯಿತಿ, ಜೊತಿಗೆ ಹೋಗೋರಿಗೆ ಶೇ. 75. ಆಸ್ಪತ್ರೆಯವರು ಸಹಿ ಮಾಡಿದ ಫಾರ್ಮ್ ಬೇಕು, ಟಿಕೆಟ್ ಕೌಂಟರಿನ್ಯಾಗೇ ತೆಗೆಸಬೇಕು. ಶಕ್ತಿ ಯೋಜನೆ ಹೈದರಾಬಾದ್, ಸೊಲ್ಲಾಪುರ ಬಸ್ಸಿಗೆ ನಡ್ಯಂಗಿಲ್ಲ, ಆ ಖರ್ಚು ಹಿಡಿದೇ ಲೆಕ್ಕ ಹಾಕ್ರಿ.

ರೇಡಿಯೇಶನ್ ಟ್ರಯಲ್ ಸಿಕ್ಕರ ದೂರದವರಿಗೆ ಲಾಭ ಅದ. ಇಂಗ್ಲೆಂಡಿನ ಫಾಸ್ಟ್-ಫಾರ್ವರ್ಡ್ ಟ್ರಯಲ್‌ದಾಗ 3 ವಾರದ 15 ಸಿಟ್ಟಿಂಗ್ ಬದಲಿಗೆ 1 ವಾರದಾಗ 5 ಸಿಟ್ಟಿಂಗ್ ಕೊಟ್ಟು ನೋಡಿದ್ರು, 4,096 ಜನ. ಸ್ತನದಾಗ ಮತ್ತ ಬರೋದನ್ನ ತಡಿಯೋದ್ರಾಗ ಎರಡೂ ಸರಿಸಮ ಬಂದವು. ಕಂಕುಳ ಗ್ರಂಥಿಗೂ ರೇಡಿಯೇಶನ್ ಬೇಕಾದವರಿಗೆ ಆ ಲೆಕ್ಕ ನೇರ ಹಚ್ಚಬಾರದು.

ಬಿಳಿರಕ್ತಕಣ ಏರ್ಲಾಕ ಕೊಡೋ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಕೀಮೋ ಆಗಿ 24 ತಾಸಿನ ಮ್ಯಾಲ ಹಾಕೋದು. ಅಂದ್ರ ಬಸ್ಸಿನ್ಯಾಗ ಊರಿಗೆ ತರಬೇಕು. 2ರಿಂದ 8 ಡಿಗ್ರಿ ಇರಬೇಕು. ಥರ್ಮಾಸಿನ್ಯಾಗ ಐಸ್ ಪ್ಯಾಕ್ ಹಾಕಿ, ಸಿರಿಂಜ್ ಡಬ್ಬಿಗೆ ದಪ್ಪ ಟವೆಲ್ ಸುತ್ತಿ ಇಡ್ರಿ. ಐಸಿಗೆ ನೇರ ತಾಗಿ ಗಟ್ಟಿಯಾದ್ರ ಅದನ್ನ ಹಾಕಬಾರದು. ಮನ್ಯಾಗ ಫ್ರಿಜ್ ಇಲ್ಲಂದ್ರ ಊರಿನ ಮೆಡಿಕಲ್ ಅಂಗಡಿ ಫ್ರಿಜ್ ನೋಡ್ರಿ, ಫ್ರೀಜರ್ ಕಪಾಟಿನ್ಯಾಗ ಮಾತ್ರ ಬ್ಯಾಡ.

ಜ್ವರ 100.4 ಫ್ಯಾರನ್‌ಹೀಟ್ ದಾಟಿದ್ರ ಬೆಳಗಾಗಲಿ ಅಂತ ಕೂಡಬ್ಯಾಡ್ರಿ. ಡೋಲೋ ನುಂಗೂ ಮೊದಲು ಥರ್ಮಾಮೀಟರ್ ಇಡ್ರಿ, ನುಂಗಿದ ಮ್ಯಾಲ ಜ್ವರ ಇಳಿದು ತೋರಸ್ತದ, ಸೋಂಕು ಹಂಗೇ ಇರ್ತದ. ಟ್ರಯಲ್ ಕಾರ್ಡ್ ಹಿಡ್ಕೊಂಡು ಹತ್ತಿರದ ದೊಡ್ಡ ಆಸ್ಪತ್ರೆಗೆ, ಕಲಬುರಗಿ ಜಿಮ್ಸ್ ಆಗಲಿ ಬೀದರ್ ಬ್ರಿಮ್ಸ್ ಆಗಲಿ, "ಕೀಮೋ ಆಗಿ ಇಷ್ಟು ದಿನ" ಅಂತ ಬಾಗಿಲದಾಗೇ ಹೇಳ್ರಿ. ಎಲ್ಲೇ ಅಡ್ಮಿಟ್ ಆದ್ರೂ ಕೋಆರ್ಡಿನೇಟರಿಗೆ ಅವತ್ತೇ ಫೋನ್ ಹೋಗಬೇಕು, ಯಾಕಂದ್ರ ಅವರು 24 ತಾಸಿನೊಳಗ ಮ್ಯಾಲ ವರದಿ ಕೊಡಬೇಕು. ಊರಾಗಿನ ನರ್ಸಿಂಗ್ ಹೋಮಿನ್ಯಾಗ ಎರಡು ದಿನ ಸಲೈನ್ ಹಚ್ಚಿಸ್ಕೊಂಡು ಡಿಸ್ಚಾರ್ಜ್ ಚೀಟಿನೂ ಇಲ್ಲದ ಬಂದ್ರ ನಾಳೆ ಪರಿಹಾರ ಕೇಳ್ಲಾಕ ಕೈಯಾಗ ಕಾಗದಾನೇ ಇರಂಗಿಲ್ಲ.

ಗಾಜಿನ ಸ್ಲೈಡು

ಒಂದು ಸೇರಿಸ್ತೇನೆ: ಫಿಶ್‌ಗೆ ಬ್ಲಾಕ್ ಕಳಿಸುವಾಗ ಪೂರ್ತಿ ಕೊಯ್ದು ಮುಗಿಸಬೇಡಿ ಅಂತ ಲ್ಯಾಬಿಗೆ ಚೀಟಿ ಬರೆದು ಹಚ್ಚಿ. ಕೋರ್ ಬಯಾಪ್ಸಿ ತುಂಡು ದಾರದಷ್ಟು ಸಣ್ಣದು. ಟ್ರಯಲ್‌ನವರು ಕೇಳುವ ಹೊತ್ತಿಗೆ ಬರೀ ಮೇಣ ಉಳಿದಿದ್ರೆ ಮತ್ತೆ ಸೂಜಿ ಚುಚ್ಚಿಸಬೇಕಾಗುತ್ತೆ.