ಪದಚರ್ಚೆ: ಬಣ್ಣದ ಅಂಚು ‘ಅದುರುತ್ತೆ’ ಅನ್ನಬಹುದೇ?

ಗೆಳೆಯರೇ,

ಮೈಸೂರಿನಲ್ಲಿ ಮುದ್ರಣಕಲೆ ಕಲಿಯುತ್ತಿರುವ ಕೆಲವು ಹುಡುಗರಿಗೆ ಆಪ್ ಆರ್ಟ್ (‘ಆಪ್ಟಿಕಲ್ ಆರ್ಟ್’, ನಿಂತ ಚಿತ್ರವೇ ಅಲುಗಿದಂತೆ ಕಾಣಿಸುವ ಕಲೆ) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುತ್ತಿದ್ದೇನೆ. ಪಟ್ಟೆ, ಚೌಕ, ವೃತ್ತದಂಥ ಆಕಾರ ಬಿಟ್ಟರೆ ಆ ಚಿತ್ರಗಳಲ್ಲಿ ಸಾಮಾನ್ಯವಾಗಿ ಬೇರೇನೂ ಇರುವುದಿಲ್ಲ. ಆದರೂ ಹಾಳೆ ಅಲುಗಿದಂತೆ ಕಾಣುತ್ತದೆ. ಈ ಅಲುಗಾಟವನ್ನು ಏನೆಂದು ಕರೆಯೋಣ?

ಇದರಲ್ಲಿ ಎರಡು ಬಗೆ ಇದೆ. ಇಂಗ್ಲೆಂಡಿನ ಕಲಾವಿದೆ ಬ್ರಿಜೆಟ್ ರೈಲಿಯ 1961ರ ‘ಮೂವ್‌ಮೆಂಟ್ ಇನ್ ಸ್ಕ್ವೇರ್ಸ್’ (ಅದು ಮುದ್ರಣವಲ್ಲ, ಟೆಂಪೆರಾ ಎಂಬ ಬಗೆಯ ಬಣ್ಣದಲ್ಲಿ ಬರೆದ ಚಿತ್ರ) ಬರೀ ಕಪ್ಪು-ಬಿಳುಪು. ಚದುರಂಗದ ಹಾಸಿನಂಥ ಮನೆಗಳ ಎತ್ತರ ಅಷ್ಟೇ ಇದ್ದು ಅಗಲ ಮಾತ್ರ ಕಿರಿದಾಗುತ್ತಾ ಹೋಗುತ್ತದೆ, ಅಲ್ಲಿ ಚಿತ್ರವೇ ಒಳಕ್ಕೆ ಮಡಚಿಕೊಂಡಂತೆ ತೋರುತ್ತದೆ. ಇದಕ್ಕೆ ‘ಬಾಗು’, ‘ಒಳಸರಿ’ ಸಾಕು, ತಕರಾರಿಲ್ಲ.

ತೊಡಕಿರುವುದು ಬಣ್ಣದ್ದರಲ್ಲಿ. ಕಿತ್ತಳೆಗೆಂಪು ಪಟ್ಟೆಯ ಪಕ್ಕಕ್ಕೆ ಹಸಿರುನೀಲಿ ಪಟ್ಟೆ ಒತ್ತಿ. ಎರಡೂ ಕಡುಬಣ್ಣವಾಗಿರಬೇಕು, ಹೊಳಪು ಸರಿಸಮವಿರಬೇಕು: ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಆಗುವಷ್ಟು. ಕಣ್ಣು ಗಡಿಗೆರೆಯನ್ನು ಹಿಡಿಯುವುದು ಬಹುಮಟ್ಟಿಗೆ ಬೆಳಕು-ನೆರಳಿನ ವ್ಯತ್ಯಾಸದಿಂದ. ಅದಿಲ್ಲದಾಗ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. ಕಲಾವಿದ, ಕಲಾಶಿಕ್ಷಕ ಜೋಸೆಫ್ ಆಲ್ಬರ್ಸ್ ತಮ್ಮ 1963ರ ಪುಸ್ತಕ ‘ಇಂಟರಾಕ್ಷನ್ ಆಫ್ ಕಲರ್’ನಲ್ಲಿ ಇದಕ್ಕೆ ‘ವೈಬ್ರೇಟಿಂಗ್ ಬೌಂಡರೀಸ್’ (ಕಂಪಿಸುವ ಗಡಿಗಳು) ಎಂದು ಬೇರೆಯೇ ಹೆಸರಿಟ್ಟರು. ಆ ಪುಸ್ತಕದ ಮೊದಲ ಮುದ್ರಣದ ಬಣ್ಣದ ಹಾಳೆಗಳು ಬಹುಪಾಲು ಸ್ಕ್ರೀನ್ ಪ್ರಿಂಟ್ (ಜಾಲರಿ ಬಟ್ಟೆಯ ಮೂಲಕ ಶಾಯಿ ಒತ್ತುವ ಮುದ್ರಣ), ಕುಂಚದ ಗುರುತಿಲ್ಲದ ಸಪಾಟು ಬಣ್ಣ ಬೇಕಲ್ಲ! ಎರಡು ಬಣ್ಣದ ನಡುವೆ ಕೂದಲೆಳೆಯಷ್ಟು ಬಿಳಿ ಉಳಿದರೆ, ಅಂದರೆ ಲಗ್ನಪತ್ರಿಕೆ ಒತ್ತುವವರ ಮಾತಿನಲ್ಲಿ ‘ರಿಜಿಸ್ಟ್ರೇಷನ್ ಔಟ್’ ಆದರೆ, ಆಟ ಕೆಟ್ಟಿತು. ಒಂದರ ಮೇಲೊಂದು ಹತ್ತಿ ಕಪ್ಪುಗೆರೆ ಮೂಡಿದರೂ ಅಷ್ಟೆ.

‘ದೃಷ್ಟಿಭ್ರಮೆ’ ಬೇಡ. ಬಿಸಿಲ್ಗುದುರೆಯಿಂದ ಹಿಡಿದು ಎಲ್ಲಕ್ಕೂ ಅದನ್ನೇ ಬಳಸಿ ಸವೆಸಿದ್ದೇವೆ. ‘ವರ್ಣಕಂಪನ’ ತಪ್ಪಲ್ಲ, ಆದರೆ ಪಠ್ಯಪುಸ್ತಕದ ಭಾಷೆ. ‘ಕಣ್ಣಿಗೆ ರಾಚು’ ನನಗೆ ಇಷ್ಟದ ಮಾತು. ಆದರೆ ಕೆಂಪು ಒಂದೇ ಇದ್ದರೂ ಕಣ್ಣಿಗೆ ರಾಚೀತು, ಈ ಆಟಕ್ಕೆ ಜೋಡಿ ಬೇಕು. ಸೀರೆ ಅಂಗಡಿಯಲ್ಲಿ ‘ಮಡಿಕೇಲಿ ಹಸಿರು ಹೊಡೆಯುತ್ತೆ ನೋಡಿ’ ಅನ್ನುತ್ತಾರಲ್ಲ, ಅದೂ ಹೊಂದುವುದಿಲ್ಲ. ಅಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ಬಣ್ಣ ಬದಲಾಗಲು ಬಟ್ಟೆ ಅಲುಗಬೇಕು, ಇಲ್ಲವೇ ನೋಡುವವರು ಜರುಗಬೇಕು. ಇಲ್ಲಿ ಹಾಳೆ ಗೋಡೆಯ ಮೇಲೆ ತೆಪ್ಪಗಿದೆ, ನಾವೂ ನಿಂತೇ ಇದ್ದೇವೆ.

ನನ್ನ ಒಲವು ‘ಅದುರು’ ಕಡೆಗೆ. ತುಟಿ ಅದುರುತ್ತೆ, ಎಡಗಣ್ಣು ಅದುರುತ್ತೆ: ಇದ್ದ ಜಾಗ ಬಿಡದೆ ಸಣ್ಣಗೆ, ಬೇಗಬೇಗ ಆಗುವ ಅಲುಗು. ದಿಟ್ಟಿಸಿ ನೋಡುವಾಗಲೂ ಕಣ್ಣುಗುಡ್ಡೆ ತೀರಾ ಸಣ್ಣಗೆ ಕದಲುತ್ತಲೇ ಇರುತ್ತದೆ, ಹಾಗಾಗಿ ಅದುರುವುದು ಅಂಚೋ ಕಣ್ಣೋ ಎಂಬ ಅನುಮಾನವೂ ಪದದೊಳಗೇ ಉಳಿಯುತ್ತದೆ. ನನಗದು ಲಾಭವೇ. ಶಕುನದ ನೆನಪು ಬಂದರೆ ಬರಲಿ.

‘ಅದುರಂಚು’ ಎಂದು ಒಂದೇ ಪದ ಮಾಡಿದರೆ ಓದುವವರಿಗೆ ದಕ್ಕುತ್ತದೆಯೇ, ‘ಅದುರುವ ಅಂಚು’ ಎಂದೇ ಬಿಡಿಸಿಡಲೇ? ‘ಅದಿರು’ ಎಂಬ ರೂಪವೂ ಇದೆ, ಆದರೆ ‘ಅದಿರಂಚು’ ಅಂದರೆ ಕಬ್ಬಿಣದ ಅದಿರು ಅಡ್ಡ ಬರುತ್ತದೆ. ಮಂಡ್ಯ, ಮದ್ದೂರು ಕಡೆಯವರು ಇಂಥ ಅಲುಗಾಟಕ್ಕೆ ಬೇರೆ ಮಾತು ಆಡುವುದಿದ್ದರೆ, ಬರೀ ಪದವಲ್ಲ, ಆಡುವ ವಾಕ್ಯವನ್ನೇ ಬರೆಯಿರಿ.