ಅಪ್ಪನ 1971ರ ಜಾವಾವನ್ನು ಮನೆಯಲ್ಲೇ ಕೆಫೆ ರೇಸರ್ ಮಾಡಬಹುದೇ?

ಪ್ರಶ್ನೆ (ಹಾಸನದಿಂದ):
ನಮಸ್ಕಾರ. ನಮ್ಮ ತಂದೆಯವರು ಓಡಿಸುತ್ತಿದ್ದ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 1971ರ ಜಾವಾ 250 ಬೈಕ್ ಹನ್ನೆರಡು ವರ್ಷಗಳಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಎಂಜಿನ್ ಜಾಮ್ ಆಗಿಲ್ಲ, ಕಿಕ್ ಒತ್ತಿದರೆ ಕಂಪ್ರೆಷನ್ ಸಿಗುತ್ತದೆ. ಆದರೆ ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ, ವೈರಿಂಗ್ ಇಲಿಗಳ ಪಾಲಾಗಿದೆ. ಫ್ರೇಮಿನ ಹಿಂಭಾಗ ಕತ್ತರಿಸಿ ಒಬ್ಬರೇ ಕೂರುವ ಸೀಟು, ತಗ್ಗಿನ ಹ್ಯಾಂಡಲ್, ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್, ಎರಡು ಸೈಲೆನ್ಸರ್‌ಗಳ ಬದಲು ಒಂದೇ ಗಿಡ್ಡ ಸೈಲೆನ್ಸರ್, 6 ವೋಲ್ಟ್ ಬದಲು 12 ವೋಲ್ಟ್: ಹೀಗೆ ಹಳೆಯ ರೇಸ್ ಬೈಕಿನ ನೋಟದ ಕೆಫೆ ರೇಸರ್ ಮಾಡುವುದು ನನ್ನ ಯೋಜನೆ. ಎಲ್ಲಿಂದ ಆರಂಭಿಸಲಿ?

ಉತ್ತರ 1:
ಗರಗಸವನ್ನು ಸದ್ಯ ಪಕ್ಕಕ್ಕಿಡಿ. ನಾನೂ ಹಿಂದೊಮ್ಮೆ ಜಾವಾ ಒಂದರ ಹಿಂಭಾಗ ಕತ್ತರಿಸಿದ್ದೆ. ಆಮೇಲೆ ಮೊದಲಿನಂತೆ ಮಾಡಲು ಹೊರಟಾಗ ಮಡ್‌ಗಾರ್ಡ್ ಸಿಕ್ಕಿತು, ಅದನ್ನು ಕೂರಿಸುವ ಜಾಗವೇ ಇರಲಿಲ್ಲ. ಹಳೆಯ ಸೀಟಿನ ಬೋಲ್ಟುಗಳಿಗೇ ಕೂರುವಂತೆ ರಟ್ಟಿನಲ್ಲಿ ಅಳತೆ ತೆಗೆದು, ಅದರಂತೆ ತಗಡಿನ ತಳ ಮಾಡಿಸಿದರೆ ಒಂಟಿ ಸೀಟು ಫ್ರೇಮ್ ಮುಟ್ಟದೆಯೇ ಆಗುತ್ತದೆ.

ಫುಟ್‌ರೆಸ್ಟ್ ಹಿಂದಕ್ಕೆ ಸರಿಸುವ ವಿಚಾರವನ್ನಂತೂ ಬಿಟ್ಟೇಬಿಡಿ. ಈ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಿಟ್ಟರೆ ಗೇರ್. ಅದೂ ಸಾಲದೆಂಬಂತೆ ಗೇರ್ ಒತ್ತಿದಾಗ ಕ್ಲಚ್ಚನ್ನೂ ಅದೇ ಲಿವರ್ ಬಿಡಿಸುತ್ತದೆ. ಅದಕ್ಕೆ ಹಿಂದಿನಿಂದ ಸರಳು ಕಟ್ಟಿದಿರೆಂದರೆ ಗಾಡಿಯನ್ನು ದಿನವೂ ತಳ್ಳಿಯೇ ಸ್ಟಾರ್ಟ್ ಮಾಡಬೇಕಾದೀತು.

ಸೈಲೆನ್ಸರ್ ವಿಷಯವೂ ಹಾಗೆಯೇ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯ ಜೊತೆ ಹೊರಹೋಗುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುವುದು ಕೊಳವೆಯೊಳಗಿನ ಒತ್ತಡದ ಅಲೆ. ಕೊಳವೆಯ ಉದ್ದ ತಪ್ಪಿದರೆ ಸದ್ದು ಹೆಚ್ಚುತ್ತದೆ, ಎಳೆತ ಕಡಿಮೆಯಾಗುತ್ತದೆ. ಹಳೆಯ ಸೈಲೆನ್ಸರ್‌ಗಳೊಳಗಿನ, ಸದ್ದು ತಗ್ಗಿಸುವ ಬ್ಯಾಫಲ್ ಬಿಚ್ಚಿ ಕಾರ್ಬನ್ ತೆಗೆಯಿರಿ, ವ್ಯತ್ಯಾಸ ತಿಳಿಯುತ್ತದೆ.

ಉತ್ತರ 2:
ಅಲಂಕಾರಕ್ಕೆ ಮೊದಲು ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಎಂಜಿನ್ ದಂಡದ) ಎರಡೂ ಬದಿಯ ರಬ್ಬರ್ ಆಯಿಲ್ ಸೀಲ್‌ಗಳನ್ನು ಬದಲಾಯಿಸಿ. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಅವು ಗಟ್ಟಿಯಾಗಿರುತ್ತವೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲನ್ನು ಎಂಜಿನ್ ಹೀರಿಕೊಂಡು ಬಿಳಿ ಹೊಗೆ ಉಗುಳುತ್ತದೆ, ಅದಾದರೂ ಕಣ್ಣಿಗೆ ಕಾಣುತ್ತದೆ. ಡೈನಮೋ ಕಡೆಯದು ಹೋದರೆ ಒಳಗೆ ಗಾಳಿ ಸೇರಿ ಮಿಶ್ರಣ ತೆಳುವಾಗಿ, ಒಂದು ದಿನ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಾನು ಎರಡು ವಾರ ಕಾರ್ಬುರೇಟರ್ ಜೆಟ್ ಬದಲಾಯಿಸುತ್ತ ಕುಳಿತಿದ್ದೆ, ದೋಷವಿದ್ದದ್ದು ಆ ರಬ್ಬರ್ ಬಳೆಯಲ್ಲಿ. ಆ ಸೀಲ್ ತಲುಪಲು ಡೈನಮೋದ ತಿರುಗುವ ಭಾಗವಾದ ಆರ್ಮೇಚರನ್ನು ಪುಲ್ಲರ್ ಬೋಲ್ಟಿನಿಂದಲೇ ಎಳೆಯಿರಿ, ಸುತ್ತಿಗೆ ಬೇಡ. ಮೊದಲ ಕೆಲವು ಟ್ಯಾಂಕುಗಳಿಗೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸಿ.

12 ವೋಲ್ಟ್ ಮಾಡುವುದು ಒಳ್ಳೆಯದೇ. ಚೆಕ್ ದೇಶದ ವೇಪ್ ಕಂಪನಿಯ ಕಿಟ್ ಡೈನಮೋ ಮತ್ತು ಕಿಡಿಯ ಸಮಯ ನಿರ್ಧರಿಸುವ ಪಾಯಿಂಟ್ ಎರಡರ ಜಾಗದಲ್ಲೂ ಕೂರುತ್ತದೆ. ಬಲ್ಬು, ಹಾರ್ನ್, ಬ್ಯಾಟರಿಗಳನ್ನು ಜೊತೆಗೇ ಬದಲಾಯಿಸಿ, ಹಳೆಯ ಡೈನಮೋವನ್ನು ಗ್ರೀಸ್ ಸವರಿ ಡಬ್ಬದಲ್ಲಿಡಿ.

ಉತ್ತರ 3:
ಕಾನೂನಿನ ಮಾತನ್ನು ಯಾರೂ ಎತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. ಇನ್ನೊಂದೆಡೆ, 2021ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಉಳಿದಿದ್ದರೆ 20,000 ರೂಪಾಯಿ ಶುಲ್ಕ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಿ 'ವಿಎ' ಸರಣಿಯ ಸಂಖ್ಯೆ ಪಡೆಯಬಹುದು; ಚಾಸಿ (ಫ್ರೇಮ್) ಅಥವಾ ಎಂಜಿನ್ ಮಾರ್ಪಡಿಸಿದ್ದಕ್ಕೆ ಆ ಅವಕಾಶವಿಲ್ಲ. ಆದರೆ ವಿಂಟೇಜ್ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು ಇಷ್ಟಕ್ಕೇ ಅನುಮತಿ. ಸಂತೆಗೆ ಹೋಗಿಬರಲು ಬೇಕೆಂದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಫ್ರೇಮ್, ಫುಟ್‌ರೆಸ್ಟ್, ಸೈಲೆನ್ಸರ್ ಮುಟ್ಟುವುದಿಲ್ಲ. ಸೀಟು ಮತ್ತು ವೈರಿಂಗ್ ಮಾತ್ರ. ನಿನ್ನೆ ಟ್ಯಾಂಕಿನ ಮೇಲಿನ ನೀಲಿ ಬಣ್ಣವನ್ನು ಮೂಲೆಯಲ್ಲಿ ಉಜ್ಜಿ ನೋಡಿದೆ, ಅಡಿಯಲ್ಲಿ ಮೆರೂನ್ ಇದೆ. ಆರ್‌ಸಿಯಲ್ಲಿಯೂ ಅದೇ ಬಣ್ಣ ಬರೆದಿದೆ. ಭಾನುವಾರ ಡೈನಮೋ ಕವರ್ ಬಿಚ್ಚುತ್ತೇನೆ. ಸೀಲ್‌ಗಳ ಜೊತೆಗೆ ಕ್ರ್ಯಾಂಕ್ ಬೇರಿಂಗ್‌ಗಳನ್ನೂ ಈಗಲೇ ತರಿಸಿಡಬೇಕೇ, ಅಥವಾ ಕೈಯಲ್ಲಿ ಅಲುಗಾಡಿಸಿ ನೋಡಿದ ಮೇಲೆ ತೀರ್ಮಾನಿಸಿದರೆ ಸಾಕೇ?